ಸವೆಯಲೆಂದೇ ಹುಟ್ಟಿದ ಭಾಗಗಳು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಗೇರ್ ಲಿವರ್ ಕೆಳಗಿನಿಂದ ಬಿಚ್ಚಿದ ಬುಷ್ ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ ಅದು. ಜಾಗದಿಂದ ಕದಲದಿರಲೆಂದು ಸುತ್ತ ತಂತಿಯ ಒಂದು ಬಳೆ. ಹೊಸದರಲ್ಲಿ ತೂತು ಸರಿಯಾಗಿ ದುಂಡಗಿತ್ತು. ಈಗ ಒಂದೇ ಕಡೆಗೆ ಸವೆದು ಅಂಡಾಕಾರವಾಗಿದೆ. ಸವೆದ ಬದಿಯ ಗೋಡೆ ಉಗುರಿನಿಂದ ಒತ್ತಿದರೆ ಬಾಗುವಷ್ಟು ತೆಳ್ಳಗಾಗಿದೆ. ಒಳಗೆ ಮೆತ್ತಿಕೊಂಡ ಕಪ್ಪು ಗ್ರೀಸನ್ನು ಎರಡು ಬೆರಳ ನಡುವೆ ತಿಕ್ಕಿದರೆ ಸಣ್ಣ ಮರಳು ಕೈಗೆ ತಾಗುತ್ತದೆ. ಎಷ್ಟೋ ಕಾರುಗಳಲ್ಲಿ ಇಷ್ಟೂ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಪುಡಿಯಾಗಿ ಉದುರಿಹೋಗಿ ತಂತಿಯ ಬಳೆಯೊಂದೇ ಸಿಗುತ್ತದೆ.

ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸುವವರು ಪಿಸ್ಟನ್, ಕಾರ್ಬ್ಯುರೇಟರ್, ಕ್ಲಚ್ ಪ್ಲೇಟುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಈ ಬುಷ್ ಅವರ ಪಟ್ಟಿಯಲ್ಲಿ ಇರುವುದೇ ಅಪರೂಪ. ಆದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪಬೇಕಾದರೆ ಚಾಲಕನ ಕೈಯ ಇಚ್ಛೆ ಮೊದಲು ಗೇರ್‌ಬಾಕ್ಸಿಗೆ ತಲುಪಬೇಕು. ಆ ದಾರಿ ಹಾದುಹೋಗುವುದು ಇಂಥ ಬುಷ್‌ಗಳ ಮೂಲಕವೇ. ಅವು ಸವೆದಿವೆ ಎಂದರೆ ಕೆಟ್ಟಿವೆ ಎಂದಲ್ಲ, ತಮ್ಮ ಪಾಲಿನ ಕೆಲಸವನ್ನು ಮುಗಿಸಿವೆ ಎಂದು. ಮುಗಿದದ್ದನ್ನು ಸಕಾಲಕ್ಕೆ ಗುರುತಿಸಿ ಬದಲಿಸುವುದು ನಮ್ಮ ಪಾಲಿನ ಕೆಲಸ. ಅದರ ಹಿಂದಿರುವ ವಿಜ್ಞಾನವನ್ನು ಈ ಅಧ್ಯಾಯದಲ್ಲಿ ನೋಡೋಣ.

ಕೈಯಿಂದ ಗೇರ್‌ಬಾಕ್ಸಿನವರೆಗೆ

ಬೀಟಲ್ ಅನ್ನು ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆಯ ತಂಡ ರೂಪಿಸಿದ ಈ ಕಾರಿನ ತಯಾರಿಕೆ ನಿಂತದ್ದು 2003ರ ಜುಲೈ 30ರಂದು, ಮೆಕ್ಸಿಕೋದ ಪುಯೆಬ್ಲಾದಲ್ಲಿ. ಅಷ್ಟರಲ್ಲಿ ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಎಂಜಿನ್ ಬದಲಿಸುವ ಹವ್ಯಾಸಿಗಳಿಗೆ ಇದಕ್ಕಿಂತ ಪರಿಚಿತವಾದ ಕಾರು ಜಗತ್ತಿನಲ್ಲಿ ಸಿಗುವುದು ಕಷ್ಟ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಬೋಲ್ಟು. 1192 ಸಿಸಿಯ ಹಳೆಯ ಎಂಜಿನ್ ಇಳಿಸಿ, 1584 ಸಿಸಿಯ ನಂತರದ ಎಂಜಿನ್ ಏರಿಸುವುದು ಹಲವರು ಮಾಡುವ ಕೆಲಸ. ಜರ್ಮನ್ ಲೆಕ್ಕದಲ್ಲಿ ಮೊದಲನೆಯದರ ಶಕ್ತಿ 34 ಅಶ್ವಶಕ್ತಿ, ಎರಡನೆಯದರದ್ದು 50.

ಈ ಕಾರಿನಲ್ಲಿ ಎಂಜಿನ್ ಹಿಂದೆ, ಅದರ ಮುಂದೆ ಗೇರ್‌ಬಾಕ್ಸ್, ಅದಕ್ಕೂ ಮುಂದೆ ಚಾಲಕ. ಹಾಗಾಗಿ ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆ ಕೂರಲಾರದು. ಕಾರಿನ ನಡುವೆ ಉದ್ದಕ್ಕೂ ಸಾಗುವ ಉಕ್ಕಿನ ಸುರಂಗದೊಳಗೆ ಒಂದು ಉದ್ದನೆಯ ರಾಡ್ ಇದೆ. ಅದರ ಮುಂದಿನ ತುದಿ ನಾವು ಈಗಷ್ಟೇ ನೋಡಿದ ಬುಷ್‌ನೊಳಗೆ ಜಾರುತ್ತದೆ. ಹಿಂದಿನ ತುದಿಗೆ ರಬ್ಬರ್ ತುಂಬಿದ ಕಪ್ಲಿಂಗ್; ಅದು ಗೇರ್‌ಬಾಕ್ಸಿನ ಮೂತಿಯಿಂದ ಹೊರಚಾಚಿದ ದಂಡಕ್ಕೆ ಜೋಡಣೆಯಾಗಿದೆ. ಲಿವರ್‌ನ ಕೆಳತುದಿಯ ಗುಂಡು ರಾಡ್‌ಗೆ ಬೆಸೆದ ಬಟ್ಟಲೊಂದರಲ್ಲಿ ಕೂರುತ್ತದೆ.

ಈ ಒಂದೇ ರಾಡ್ ಎರಡು ಕೆಲಸ ಮಾಡುತ್ತದೆ. ಲಿವರನ್ನು ಎಡಬಲಕ್ಕೆ ಸರಿಸಿದರೆ ರಾಡ್ ತನ್ನ ಅಕ್ಷದ ಸುತ್ತ ತಿರುಗಿ, ಗೇರ್‌ಬಾಕ್ಸಿನೊಳಗಿನ ಮೂರು ಸರಳುಗಳಲ್ಲಿ ಒಂದನ್ನು ಆರಿಸುತ್ತದೆ: ಒಂದು-ಎರಡರ ಸರಳು, ಮೂರು-ನಾಲ್ಕರ ಸರಳು, ರಿವರ್ಸಿನ ಸರಳು. ಲಿವರನ್ನು ಹಿಂದೆ ಮುಂದೆ ಮಾಡಿದರೆ ರಾಡ್ ಜಾರಿ, ಆರಿಸಿದ ಸರಳನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ತಿರುಗುವುದು ಆಯ್ಕೆಗೆ, ಜಾರುವುದು ಗೇರ್ ಬೀಳುವುದಕ್ಕೆ. ಸವೆತ ಮೊದಲು ಕಾಡುವುದು ಆಯ್ಕೆಯನ್ನು.

ಒಂದು ಮಿಲಿಮೀಟರ್ ಬೆಳೆಯುವ ಬಗೆ

ಲೆಕ್ಕ ಸುಲಭವಾಗಲೆಂದು ಹೀಗೆ ಭಾವಿಸೋಣ: ಲಿವರ್‌ನ ಹಿಡಿಯಿಂದ ಅದು ತಿರುಗುವ ಬಿಂದುವಿಗೆ 30 ಸೆಂ.ಮೀ., ಅಲ್ಲಿಂದ ಕೆಳಗಿನ ಗುಂಡಿಗೆ 6 ಸೆಂ.ಮೀ. ಅನುಪಾತ ಐದಕ್ಕೆ ಒಂದು. ಚಾಲಕನ ಕೈಬಲವನ್ನು ಕೆಳಗೆ ಐದು ಪಟ್ಟು ಹೆಚ್ಚಿಸುವ ಈ ಸನ್ನೆಯೇ ಕೆಳಗಿನ ಸಡಿಲವನ್ನೂ ಮೇಲೆ ಐದು ಪಟ್ಟು ಹಿಗ್ಗಿಸುತ್ತದೆ. ಬುಡದಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದರೆ ಹಿಡಿಯಲ್ಲಿ ಅದು ಐದು ಮಿಲಿಮೀಟರ್. ಆರ್ಕಿಮಿಡೀಸನ ಸನ್ನೆಯ ನಿಯಮಕ್ಕೆ ಲಾಭ ನಷ್ಟದ ಭೇದವಿಲ್ಲ.

ಸಡಿಲಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂಬುದು ಎರಡನೆಯ ತೊಂದರೆ. ಗುಂಡು ಮತ್ತು ಬಟ್ಟಲಿನ ನಡುವೆ ಸ್ವಲ್ಪ, ಬುಷ್‌ನಲ್ಲಿ ಸ್ವಲ್ಪ, ಕಪ್ಲಿಂಗ್‌ನಲ್ಲಿ ಸ್ವಲ್ಪ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಚಾಲಕನ ಕೈ ಮಾತ್ರ ಒಟ್ಟು ಮೊತ್ತವನ್ನೇ ಎದುರಿಸಬೇಕು. ತಿರುಗುವ ಚಲನೆಯಲ್ಲಂತೂ ಇದು ಇನ್ನೂ ತೀವ್ರ. ಅಕ್ಷದಿಂದ 10 ಮಿ.ಮೀ. ದೂರದಲ್ಲಿ ಅರ್ಧ ಮಿಲಿಮೀಟರ್ ಸಡಿಲವೆಂದರೆ ಸುಮಾರು ಮೂರು ಡಿಗ್ರಿ ತಿರುವು ವ್ಯರ್ಥ. ಲಿವರ್ ಸರಿದರೂ ರಾಡ್ ತಿರುಗುವುದಿಲ್ಲ. ರಾಡ್ ತಿರುಗಿದರೂ ಗೇರ್‌ಬಾಕ್ಸಿನ ದಂಡ ತಿರುಗುವುದಿಲ್ಲ.

ಬೀಟಲ್‌ನಲ್ಲಿ ರಿವರ್ಸ್ ಹಾಕಲು ಲಿವರನ್ನು ಕೆಳಕ್ಕೆ ಒತ್ತಿ, ಎಡಕ್ಕೆ ಸರಿಸಿ, ಹಿಂದಕ್ಕೆ ಎಳೆಯಬೇಕು. ಎರಡನೇ ಗೇರೂ ಎಡಬದಿಯಲ್ಲಿ ಹಿಂದಕ್ಕೇ. ಎರಡರ ನಡುವಿನ ಅಂತರವಿರುವುದು ರಾಡ್‌ನ ಕೆಲವೇ ಡಿಗ್ರಿ ತಿರುವಿನಲ್ಲಿ. ಸವೆತ ಆ ಡಿಗ್ರಿಗಳನ್ನು ನುಂಗಿದಾಗ ಲಿವರ್ ಎಷ್ಟು ಎಡಕ್ಕೆ ಹೋದರೂ ರಿವರ್ಸ್ ಸಿಗುವುದಿಲ್ಲ. ಗೇರ್‌ಬಾಕ್ಸ್ ಕೆಟ್ಟಿತೆಂದು ಮಾಲೀಕ ಭಯಪಡುವುದು ಆಗಲೇ. ಗೇರ್‌ಬಾಕ್ಸ್ ಮಾತ್ರ ಬಹುತೇಕ ಸಂದರ್ಭಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಆದೇಶ ತಲುಪಿರುವುದಿಲ್ಲ, ಅಷ್ಟೇ.

ಸಡಿಲವನ್ನು ಪತ್ತೆಹಚ್ಚಲು ಯಾವ ಉಪಕರಣವೂ ಬೇಡ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ನಿಲ್ಲಿಸಿ. ಲಿವರನ್ನು ಒಂದೇ ಬೆರಳಿನಿಂದ ಅತ್ತಿತ್ತ ತಳ್ಳಿ ನೋಡಿ. ಏನೂ ಬಲ ಹಾಕದೆ ಅದು ಅಲ್ಲಾಡುವ ದೂರವೇ ಸವೆತ. ಆಮೇಲೆ ಮುಷ್ಟಿಯಿಂದ ಒತ್ತಿ. ಬಲ ಹೆಚ್ಚಿದಂತೆ ಇನ್ನಷ್ಟು ಸರಿದು, ಬಿಟ್ಟೊಡನೆ ಹಿಂದಕ್ಕೆ ಬಂದರೆ ಅದು ರಬ್ಬರಿನ ಮತ್ತು ಲೋಹದ ಸ್ಥಿತಿಸ್ಥಾಪಕತೆ. ಮೊದಲನೆಯದಕ್ಕೆ ಹೊಸ ಬುಷ್ ಬೇಕು. ಎರಡನೆಯದು ಒಂದು ಮಿತಿಯವರೆಗೆ ವಿನ್ಯಾಸಕಾರರೇ ಬೇಕೆಂದು ಇಟ್ಟದ್ದು.

ಸವೆತದ ನಿಯಮ

ಎರಡು ಮೇಲ್ಮೈಗಳು ಉಜ್ಜಿಕೊಂಡಾಗ ಎಷ್ಟು ವಸ್ತು ಕಳೆದುಹೋಗುತ್ತದೆ? ಬ್ರಿಟನ್ನಿನ ಜೆ. ಎಫ್. ಆರ್ಚರ್ಡ್ 1953ರಲ್ಲಿ ಪ್ರಕಟಿಸಿದ ಸರಳ ಸಮೀಕರಣವೊಂದು ಇಂದಿಗೂ ಈ ಲೆಕ್ಕದ ಬುನಾದಿ. ಒತ್ತುವ ಭಾರ ಎರಡರಷ್ಟಾದರೆ ಸವೆತವೂ ಎರಡರಷ್ಟು. ಜಾರುವ ದೂರ ಎರಡರಷ್ಟಾದರೂ ಹಾಗೆಯೇ. ಸವೆಯುವ ವಸ್ತು ಗಟ್ಟಿಯಾದಷ್ಟೂ ಸವೆತ ಕಡಿಮೆ. ಇವುಗಳ ಜೊತೆಗೆ ಒಂದು ಗುಣಾಂಕವಿದೆ. ಆಯಾ ಜೋಡಿ ವಸ್ತು ಯಾವುದು, ಎಣ್ಣೆ ಇದೆಯೇ, ಧೂಳಿದೆಯೇ ಎಂಬುದೆಲ್ಲ ಅದರಲ್ಲಿ ಅಡಗಿದೆ. ಈ ಗುಣಾಂಕ ಸನ್ನಿವೇಶದಿಂದ ಸನ್ನಿವೇಶಕ್ಕೆ ಸಾವಿರಾರು ಪಟ್ಟು ಬದಲಾಗಬಲ್ಲದು. ಒಂದು ಕಾರಿನ ಬುಷ್ ದಶಕಗಟ್ಟಲೆ ಬಾಳಿ, ಅಂಥದೇ ಇನ್ನೊಂದು ಕೆಲವೇ ವರ್ಷಗಳಲ್ಲಿ ಮುಗಿಯುವ ಗುಟ್ಟು ಇಲ್ಲಿದೆ.

ಆ ಗುಟ್ಟಿನಲ್ಲಿ ಧೂಳಿನ ಪಾತ್ರ ದೊಡ್ಡದು. ರಸ್ತೆಯ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ. ಮೋಸ್ ಕಾಠಿಣ್ಯ ಮಾಪಕದಲ್ಲಿ ಸ್ಫಟಿಕ 7ರಲ್ಲಿದೆ. ಸಾಮಾನ್ಯ ಉಕ್ಕು ಅದಕ್ಕಿಂತ ಮೃದು. ಗ್ರೀಸಿಗೆ ಅಂಟಿ ಒಳಬಂದ ಕಣ ಪ್ಲಾಸ್ಟಿಕ್‌ನಲ್ಲಿ ನಾಟಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಅದು ಬುಷ್‌ಗೆ ತೊಂದರೆ ಕೊಡುವುದಕ್ಕಿಂತ ಎದುರಿನ ಉಕ್ಕನ್ನೇ ಕೆರೆಯತೊಡಗುತ್ತದೆ. ಸೇದುವ ಬಾವಿಯ ಕಲ್ಲಿನಲ್ಲಿ ಮೆತ್ತನೆಯ ಹಗ್ಗ ಗೀರು ಕೊರೆಯುವ ಹಾಗೆ, ಮೃದುವಾದ ಬುಷ್ ಗಟ್ಟಿಯಾದ ರಾಡ್‌ನಲ್ಲಿ ತೋಡು ಕೊರೆಯುತ್ತದೆ. ಹೊಸ ಬುಷ್ ಹಾಕುವ ಮೊದಲು ರಾಡನ್ನು ಒರೆಸಿ ಉಗುರಾಡಿಸಿ ನೋಡಬೇಕೆಂದು ಹೇಳುವುದು ಇದಕ್ಕಾಗಿ. ಉಗುರು ಎಡವಿದರೆ ಅಲ್ಲಿ ತೋಡು ಬಿದ್ದಿದೆ. ತೋಡು ಬಿದ್ದ ರಾಡ್‌ಗೆ ಹೊಸ ಬುಷ್ ಹಾಕಿದರೆ ಅದೂ ಬೇಗ ಹೋಗುತ್ತದೆ.

ಹಾಗಾದರೆ ಎರಡನ್ನೂ ಉಕ್ಕಿನಲ್ಲೇ ಮಾಡಬಾರದೇಕೆ? ಒಂದೇ ಬಗೆಯ ಲೋಹಗಳು ಒಣಗಿ ಉಜ್ಜಿಕೊಂಡರೆ ಮೇಲ್ಮೈಯ ಸೂಕ್ಷ್ಮ ಉಬ್ಬುಗಳು ಒಂದಕ್ಕೊಂದು ಬೆಸೆದುಕೊಂಡು ಹರಿಯುತ್ತವೆ; ಎರಡೂ ಹಾಳಾಗುತ್ತವೆ. ಆದ್ದರಿಂದ ವಿನ್ಯಾಸಕಾರ ಒಂದನ್ನು ಉದ್ದೇಶಪೂರ್ವಕವಾಗಿ ಮೃದುವಾಗಿಟ್ಟು, ಸವೆತವೆಲ್ಲ ಅದರ ಪಾಲಿಗೆ ಬರುವಂತೆ ಮಾಡುತ್ತಾನೆ. ಬಿಚ್ಚಲು ಸುಲಭವಾದ, ಅಗ್ಗದ ಭಾಗವೇ ಆ ಹೊಣೆ ಹೊರುತ್ತದೆ. 1966ರಲ್ಲಿ ಪೀಟರ್ ಜೋಸ್ಟ್ ನೇತೃತ್ವದ ಸಮಿತಿ ಬ್ರಿಟಿಷ್ ಸರ್ಕಾರಕ್ಕೆ ಒಂದು ವರದಿ ಸಲ್ಲಿಸಿತು. ಘರ್ಷಣೆ, ಸವೆತ, ಎಣ್ಣೆ-ಗ್ರೀಸುಗಳ ಬಗ್ಗೆ ಇರುವ ಅರಿವನ್ನು ಸರಿಯಾಗಿ ಬಳಸಿದರೆ ದೇಶದ ಉದ್ಯಮ ವರ್ಷಕ್ಕೆ 515 ಮಿಲಿಯನ್ ಪೌಂಡ್ ಉಳಿಸಬಹುದೆಂದು ಅದು ಅಂದಾಜಿಸಿತು. ಟ್ರೈಬಾಲಜಿ ಎಂಬ ವಿಜ್ಞಾನ ಶಾಖೆ ತನ್ನ ಕಾಲ ಮೇಲೆ ನಿಂತದ್ದು ಆ ವರದಿಯಿಂದ.

ಯಾವ ವಸ್ತು ಸರಿ?

ಹಳೆಯ ಕಾರಿಗೆ ಬುಷ್ ಕೊಳ್ಳಲು ಹೋದರೆ ನೈಲಾನ್, ಅಸಿಟಾಲ್, ಪಾಲಿಯುರಿಥೇನ್, ಹಿತ್ತಾಳೆ, ಗನ್‌ಮೆಟಲ್ ಎಂದು ಹಲವು ಆಯ್ಕೆಗಳು ಎದುರಾಗುತ್ತವೆ. ನೈಲಾನನ್ನು ಅಮೆರಿಕದ ಡುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ತಂಡ 1935ರಲ್ಲಿ ತಯಾರಿಸಿತು. ಅದು ಗಟ್ಟಿ, ಜಾರುವ ಗುಣವೂ ಒಳ್ಳೆಯದು. ನೀರು ಹೀರುವುದು ಅದರ ದೌರ್ಬಲ್ಯ. ಪೂರ್ತಿ ನೆನೆದಾಗ ತನ್ನ ತೂಕದ ಶೇಕಡ 8ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಜೊತೆಗೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕಡೆಸಿದ ನೈಲಾನ್ ಬುಷ್ ಮಳೆಗಾಲದಲ್ಲಿ ರಾಡನ್ನು ಹಿಡಿಯುವುದು ಹೀಗೆ. ಅಸಿಟಾಲ್ ಹೀರುವ ನೀರು ಶೇಕಡ 1ರ ಆಸುಪಾಸು ಮಾತ್ರ. ಅಳತೆ ಹೆಚ್ಚು ಸ್ಥಿರ. ಗನ್‌ಮೆಟಲ್ ಸರಿಯಾಗಿ ಗ್ರೀಸ್ ಸಿಗುವವರೆಗೆ ದೀರ್ಘಾಯು. ಗ್ರೀಸ್ ಒಣಗಿದರೆ ಕಿರುಗುಟ್ಟಿ ರಾಡನ್ನೂ ತಿನ್ನುತ್ತದೆ.

ಗ್ರೀಸಿನಲ್ಲೂ ಎಚ್ಚರ ಬೇಕು. ನೈಸರ್ಗಿಕ ರಬ್ಬರ್ ಖನಿಜ ತೈಲದ ಗ್ರೀಸನ್ನು ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ಲೋಹಕ್ಕೆ ಲಿಥಿಯಂ ಗ್ರೀಸ್ ಹಾಕುವ ಕೈಯೇ ರಬ್ಬರಿಗೂ ಅದನ್ನು ಮೆತ್ತಿದರೆ ಹೊಸ ಭಾಗಕ್ಕೆ ಆಯಸ್ಸು ಕಡಿಮೆ. ಅಲ್ಲಿ ಸಿಲಿಕೋನ್ ಗ್ರೀಸ್ ಬೇಕು.

ಮೃದುತ್ವಕ್ಕೂ ಒಂದು ಕೆಲಸ

ಹಿಂದಿನ ಕಪ್ಲಿಂಗ್‌ನಲ್ಲಿ ರಬ್ಬರ್ ಇಟ್ಟದ್ದು ಉಳಿತಾಯಕ್ಕಲ್ಲ. ಗೇರ್ ಲಿವರ್ ಕಾರಿನ ತಳಕ್ಕೆ ಬಿಗಿದಿದೆ. ಗೇರ್‌ಬಾಕ್ಸಾದರೋ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿದೆ: ಮೂತಿಯ ಬಳಿ ಒಂದು, ಹಿಂದೆ ಎರಡು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಾಗಿ ತುಸು ಹೊರಳುತ್ತವೆ, ಲಿವರ್ ಹೊರಳುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ತಾಳಿಕೊಳ್ಳುವುದು, ನಡುಕ ಚಾಲಕನ ಅಂಗೈಗೆ ಬರದಂತೆ ತಡೆಯುವುದು ಕಪ್ಲಿಂಗಿನ ರಬ್ಬರು. ಅದನ್ನು ತೆಗೆದು ಗಟ್ಟಿ ಲೋಹದ ಕಪ್ಲಿಂಗ್ ಹಾಕಿದರೆ ಗೇರ್ ನಿಖರವಾಗಿ ಬೀಳುತ್ತದೆ. ಎಂಜಿನ್ನಿನ ಪ್ರತಿ ನಡುಕವೂ ಹಿಡಿಯಲ್ಲಿ ಗುಂಯ್‌ಗುಡುತ್ತದೆ. ರೇಸ್ ಕಾರಿಗೆ ಅದು ಸರಿ, ದಿನವೂ ಓಡಿಸುವ ಕಾರಿಗೆ ಮಧ್ಯಮ ಗಡಸಿನ ಪಾಲಿಯುರಿಥೇನ್ ಅಥವಾ ಮೂಲ ರಬ್ಬರೇ ವಾಸಿ.

ಎಂಜಿನ್ ಬದಲಿಸುವವರಿಗೆ ಇಲ್ಲೊಂದು ಪಾಠವಿದೆ. ಹೊಸ ಎಂಜಿನ್ನಿನ ತಿರುಚುಬಲ ಹೆಚ್ಚು. ಹಾಗಾಗಿ ಹೊರಳುವಿಕೆಯೂ ಹೆಚ್ಚು. ಹಳೆಯ ಮೌಂಟಿಂಗ್ ಬಿರಿದಿದ್ದರೆ ಗೇರ್‌ಬಾಕ್ಸ್ ಹೊರಳುವಾಗ ರಾಡನ್ನೂ ಎಳೆದುಕೊಂಡು ಹೋಗಿ, ಬಿದ್ದ ಗೇರನ್ನು ತಾನೇ ಕಳಚಿಬಿಡಬಲ್ಲದು. ಬುಷ್ ಮಾತ್ರ ಬದಲಿಸಿ ಮೌಂಟಿಂಗ್ ಬಿಟ್ಟವರಿಗೆ ರೋಗ ಅರ್ಧ ವಾಸಿಯಾದಂತೆ ಕಾಣಲು ಇದೇ ಕಾರಣ.

ಇದೇ ಕಪ್ಲಿಂಗಿನಲ್ಲಿ ಗೇರ್‌ಬಾಕ್ಸಿನ ದಂಡವನ್ನು ಹಿಡಿದಿರುವುದು ಚೌಕ ತಲೆಯ ಒಂದು ಸ್ಕ್ರೂ. ಅದರ ತಲೆಗೆ ತಂತಿ ಸುತ್ತಿ ಬಿಗಿದಿರುತ್ತಾರೆ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗಗಳ ಮೂಲಕ ತೋರಿಸಿದ ವಿಷಯವೊಂದಿದೆ: ಸ್ಕ್ರೂವಿನ ಉದ್ದಕ್ಕೆ ಎಳೆಯುವ ಬಲಕ್ಕಿಂತ ಅದಕ್ಕೆ ಅಡ್ಡಲಾಗಿ ಬರುವ ಕಂಪನ ಅದನ್ನು ಬಲು ಬೇಗ ಸಡಿಲಿಸುತ್ತದೆ. ಅಡ್ಡ ಜಾರಿಕೆಯಿಂದ ಎಳೆಗಳ ನಡುವಿನ ಘರ್ಷಣೆಯ ಹಿಡಿತ ಕ್ಷಣಕಾಲ ತಪ್ಪುತ್ತದೆ; ಪ್ರತಿ ಸಲ ತಪ್ಪಿದಾಗಲೂ ಸ್ಕ್ರೂ ಕೂದಲೆಳೆಯಷ್ಟು ತಿರುಗುತ್ತದೆ. ಕಪ್ಲಿಂಗಿನ ಸ್ಕ್ರೂ ಅನುಭವಿಸುವುದು ಇಂಥ ಅಡ್ಡ ಕಂಪನವನ್ನೇ. ಅದು ಕಳಚಿದರೆ ಲಿವರ್ ಅಲ್ಲಾಡುತ್ತದೆ, ಕಾರು ಯಾವ ಗೇರಿನಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಆ ತಂತಿಯನ್ನು ಮರಳಿ ಕಟ್ಟದೆ ಕೆಲಸ ಮುಗಿಯಿತೆನ್ನಬಾರದು.

ಎಂಜಿನ್ ಇಳಿದಿರುವಾಗ

ಬೀಟಲ್‌ನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಎಂಜಿನ್ ಇಳಿಸುವ ಮೊದಲು ಬ್ಯಾಟರಿ ಸಂಪರ್ಕ ತೆಗೆಯಲೇಬೇಕು, ಅದಕ್ಕೆ ಸೀಟು ಎತ್ತಲೇಬೇಕು. ಎತ್ತಿದೊಡನೆ ನಡುವಿನಲ್ಲಿ ಒಂದೇ ಸ್ಕ್ರೂವಿನ ಸಣ್ಣ ಮುಚ್ಚಳ ಕಾಣುತ್ತದೆ. ಅದರ ಕೆಳಗಿರುವುದೇ ಕಪ್ಲಿಂಗ್. ಅಂದರೆ ಅರ್ಧ ದಾರಿಯನ್ನು ನಾವು ಬೇರೆ ಕೆಲಸಕ್ಕಾಗಿ ಆಗಲೇ ಕ್ರಮಿಸಿರುತ್ತೇವೆ.

ಮುಂದಿನ ಕ್ರಮ ಹೀಗಿದೆ. ಲಿವರ್‌ನ ಬುಡದ ಎರಡು ಬೋಲ್ಟು ಬಿಚ್ಚುವ ಮೊದಲು ಅದರ ಅಡಿಯ ತಗಡಿನ ಸ್ಥಾನವನ್ನು ಗೀರಿ ಗುರುತು ಮಾಡಿಕೊಳ್ಳಬೇಕು. ರಿವರ್ಸಿಗೆ ಅಡ್ಡಿಯಾಗಿ ನಿಲ್ಲುವ ತಗಡು ಅದು. ಸ್ವಲ್ಪ ಸರಿದರೂ ಗೇರುಗಳ ಜಾಗ ಬದಲಾಗುತ್ತದೆ. ಲಿವರ್ ಎತ್ತಿ, ಕಪ್ಲಿಂಗ್ ಕಳಚಿ, ರಾಡನ್ನು ಹಿಂದಕ್ಕೆ ಜಾರಿಸಿದರೆ ಅದರ ಮುಂತುದಿ ಬುಷ್‌ನಿಂದ ಹೊರಬರುತ್ತದೆ. ಲಿವರ್‌ನ ತೂತಿನಿಂದಲೇ ಕೈ ಹಾಕಿ ಹಳೆಯ ಬುಷ್ ಕಿತ್ತು, ಮುರಿದ ಚೂರುಗಳನ್ನು ಹೊರತೆಗೆದು, ಬಳೆ ತೊಡಿಸಿದ ಹೊಸ ಬುಷ್ ಕೂರಿಸಬೇಕು. ಬುಷ್ ತನ್ನ ಜಾಗದಲ್ಲಿ ಪೂರ್ತಿ ಕೂತಿತೇ ಎಂದು ಬೆರಳಾಡಿಸಿ ಖಚಿತಪಡಿಸಿಕೊಳ್ಳಬೇಕು. ರಾಡ್ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ, ಮುಂದಕ್ಕೆ ತಳ್ಳಿದರೆ ಬುಷ್‌ನ ಕೆಲಸ ಆಯಿತು. ಕಪ್ಲಿಂಗ್, ಮೌಂಟಿಂಗ್, ಲಿವರ್‌ನ ಅಡಿಯ ಸ್ಪ್ರಿಂಗ್ ಇವುಗಳನ್ನೂ ಇದೇ ಸರದಿಯಲ್ಲಿ ನೋಡಬೇಕು.

ಎಂಜಿನ್ ಬದಿಯಲ್ಲಿ ಆಗುವ ಕೆಲಸ ಬೇರೆಯೇ ಇದೆ. 6 ವೋಲ್ಟಿನ ಕಾಲದ ಕಾರಿಗೆ 12 ವೋಲ್ಟಿನ ಕಾಲದ ಎಂಜಿನ್ ಹಾಕುವಾಗ ಫ್ಲೈವ್ಹೀಲಿನ ಹಲ್ಲುಗಳು 109ರಿಂದ 130ಕ್ಕೆ ಏರುತ್ತವೆ, ಅದಕ್ಕೆ ಜಾಗ ಮಾಡಲು ಗೇರ್‌ಬಾಕ್ಸಿನ ಒಳಗೋಡೆಯನ್ನು ಉಜ್ಜಬೇಕಾಗುತ್ತದೆ. ಇಂಥ ದೊಡ್ಡ ಕೆಲಸಗಳ ಗದ್ದಲದಲ್ಲೇ ಬುಷ್ ಮರೆತುಹೋಗುವುದು.

ನಮ್ಮ ರಸ್ತೆಗಳ ಅಂಬಾಸಿಡರ್

ಕೋಲ್ಕತ್ತ ಸಮೀಪದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಅದರ ಗೇರ್ ಲಿವರ್ ದೀರ್ಘಕಾಲ ಸ್ಟೀರಿಂಗ್ ಪಕ್ಕದಲ್ಲೇ ಇತ್ತು; ಪ್ರೀಮಿಯರ್ ಪದ್ಮಿನಿಯಲ್ಲೂ ಹಾಗೆಯೇ. ಲಿವರನ್ನು ತನ್ನತ್ತ ಎಳೆದು ಅಥವಾ ದೂರ ತಳ್ಳಿ ಆಯ್ಕೆ, ಮೇಲೆ ಕೆಳಗೆ ಮಾಡಿ ಗೇರ್. ಸ್ಟೀರಿಂಗ್ ಕಂಬದ ಬುಡದಿಂದ ಲಿಂಕ್ ರಾಡ್‌ಗಳು ಎಂಜಿನ್ ಪಕ್ಕದಿಂದ ಹಾದು ಗೇರ್‌ಬಾಕ್ಸಿಗೆ ಹೋಗುತ್ತವೆ. ಕೀಲುಗಳ ಸಂಖ್ಯೆ ಹೆಚ್ಚು. ಅವೆಲ್ಲವೂ ಎಂಜಿನ್ನಿನ ಬಿಸಿ, ಎಣ್ಣೆ, ರಸ್ತೆಯ ಕೆಸರು ಮೂರಕ್ಕೂ ತೆರೆದುಕೊಂಡಿವೆ. ಸಡಿಲಗಳು ಕೂಡುತ್ತಾ ಹೋಗುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಟ್ಯಾಕ್ಸಿಗಳ ಕಾಲದಲ್ಲಿ ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು ಮಾಮೂಲಾಗಿತ್ತು. ಡೀಸೆಲ್ ಎಂಜಿನ್ನಿನ ಸಂಪೀಡನ ಹೆಚ್ಚು, ನಡುಕವೂ ಹೆಚ್ಚು. ಪೆಟ್ರೋಲ್ ಎಂಜಿನ್ನಿನ ನಡುಕಕ್ಕೆ ಹೊಂದಿಕೊಂಡಿದ್ದ ಕೀಲುಗಳು ಹೊಸ ನಡುಕಕ್ಕೆ ಬೇಗ ಸವೆಯುತ್ತಿದ್ದವು. ಲೇತ್ ಅಂಗಡಿಗಳಲ್ಲಿ ಗನ್‌ಮೆಟಲ್ ಬುಷ್ ಕಡೆಸಿ ಹಾಕಿಕೊಳ್ಳುವ ಪದ್ಧತಿ ಇಂಥ ಅಗತ್ಯದಿಂದಲೇ ಬಲಗೊಂಡಿತು. ರಾಡ್‌ನ ಸವೆದ ಜಾಗವನ್ನೂ ಸವೆಯದ ಜಾಗವನ್ನೂ ಬೇರೆ ಬೇರೆಯಾಗಿ ಅಳೆದು, ಮೊದಲು ರಾಡನ್ನು ದುಂಡಗೆ ಮಾಡಿ, ಆಮೇಲೆ ಅದಕ್ಕೆ ತಕ್ಕ ಬುಷ್ ಕಡೆಯುವ ಟರ್ನರ್ ಟ್ರೈಬಾಲಜಿಯನ್ನು ಕೈಯಾರೆ ಬಲ್ಲವನು. ಭಾರತದಲ್ಲಿ ಎಂಜಿನ್ ಬದಲಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ದಾಖಲೆಯನ್ನೂ ಸರಿಪಡಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು.

ಬುಷ್ ಉಳಿಸುವುದು ಗೇರ್‌ಬಾಕ್ಸನ್ನು

ಲಿವರ್‌ನಿಂದ ಗೇರ್‌ಬಾಕ್ಸಿನವರೆಗಿನ ಜೋಡಣೆ, ಅಂದರೆ ಲಿಂಕೇಜ್, ಸವೆದಿರುವುದು ಕೇವಲ ಕಿರಿಕಿರಿಯ ವಿಷಯವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಗೇರ್ ಬೀಳುವಾಗ ಒಳಗೆ ನಡೆಯುವುದನ್ನು ನೋಡಿದರೆ ಸಹಿಸಬಾರದೆಂದು ತಿಳಿಯುತ್ತದೆ. ಕ್ಯಾಡಿಲಾಕ್ 1928ರಲ್ಲಿ ಕಾರಿಗೆ ತಂದ ಸಿಂಕ್ರೋಮೆಶ್ ವ್ಯವಸ್ಥೆಯಲ್ಲಿ, ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಮೊದಲು ಶಂಕುವಿನಾಕಾರದ ಮೇಲ್ಮೈಗಳಲ್ಲಿ ಉಜ್ಜಿಕೊಂಡು ವೇಗ ಹೊಂದಿಸಿಕೊಳ್ಳುತ್ತವೆ. ಅನಂತರವಷ್ಟೇ ಜಾರುವ ತೋಳು ಮುಂದೆ ಸರಿದು ಹಲ್ಲುಗಳು ಪೂರ್ತಿ ಕೂಡಿಕೊಳ್ಳುತ್ತವೆ. ಚಾಲಕನ ಕೈ ಮುಂದೆ ಹೋದ ದೂರದಲ್ಲಿ ಒಂದು ಪಾಲನ್ನು ಸಡಿಲವೇ ತಿಂದರೆ ತೋಳು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಹಲ್ಲಿನ ಪೂರ್ಣ ಅಗಲದ ಮೇಲೆ ಹಂಚಬೇಕಾದ ಬಲ ಅದರ ತುದಿಯ ಮೇಲೆ ಬೀಳುತ್ತದೆ. ತುದಿ ದುಂಡಗಾಗುತ್ತದೆ, ದುಂಡಗಾದ ತುದಿ ಜಾರುತ್ತದೆ, ಗೇರ್ ತಾನಾಗಿ ಕಳಚಿಕೊಳ್ಳತೊಡಗುತ್ತದೆ. ಈ ಹಂತಕ್ಕೆ ಬಂದ ಮೇಲೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ, ಗೇರ್‌ಬಾಕ್ಸನ್ನೇ ಬಿಚ್ಚಬೇಕು.

34 ಅಶ್ವಶಕ್ತಿಯ ಎಂಜಿನ್ ಇದ್ದಾಗ ಆ ಹಲ್ಲಿನ ತುದಿ ಹೇಗೋ ತಡೆದುಕೊಂಡಿರಬಹುದು. 50 ಅಶ್ವಶಕ್ತಿಯದು ಬಂದ ಮೇಲೆ ಅದೇ ತುದಿಯ ಮೇಲೆ ಬೀಳುವ ಬಲ ಹೆಚ್ಚುತ್ತದೆ, ಸಡಿಲ ಮಾತ್ರ ಹಾಗೇ ಇರುತ್ತದೆ. ಹೀಗಾಗಿ ಎಂಜಿನ್ ದೊಡ್ಡದಾದಷ್ಟೂ ಲಿಂಕೇಜ್ ಹೊಸದಾಗಿರಬೇಕಾದ ಅಗತ್ಯ ಹೆಚ್ಚು. ಹೊಸ ಎಂಜಿನ್ನಿಗೆಂದು ಬರೆಯುವ ಸಾಮಾನಿನ ಪಟ್ಟಿಯಲ್ಲಿ ಬುಷ್, ಕಪ್ಲಿಂಗ್, ಮೌಂಟಿಂಗ್ ಈ ಮೂರೂ ಮೊದಲ ಸಾಲಿನಲ್ಲಿರಲಿ. ಎಂಜಿನ್ ಏರಿಸುವ ಮೊದಲೇ ಲಿವರ್ ಹಿಡಿದು ಒಂದರಿಂದ ರಿವರ್ಸಿನವರೆಗೆ ಪ್ರತಿ ಗೇರೂ ಪೂರ್ತಿ ಬೀಳುತ್ತದೆಯೇ ಎಂದು ನೋಡಿ. ಬೀಳದಿದ್ದರೆ ಸರಿಪಡಿಸುವುದು ಆಗ ಕೆಲವು ನಿಮಿಷಗಳ ಕೆಲಸ. ಕಾರು ರಸ್ತೆಗಿಳಿದ ಮೇಲೆ ಅದೇ ತಪ್ಪಿಗೆ ಗೇರ್‌ಬಾಕ್ಸಿನ ಹಲ್ಲುಗಳು ಬೆಲೆ ತೆರುತ್ತವೆ.